ಹಿಂಭಾರದ ಬಂಡಿ

ಎತ್ತಿನ ಬಂಡಿಯನ್ನು ಹೂಡಿ ಬಲ್ಲವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಹೊಸವಲ್ಲ. ಹೇರು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಕಾಂಗೇಯಂ ಎತ್ತುಗಳ ಈ ಸೀಮೆಯಲ್ಲಿ ಬಂಡಿ ಹೊಡೆಯುವವನು ಹೊರಡುವ ಮೊದಲು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ಒಂದೆರಡು ಮೂಟೆಗಳನ್ನು ಹಿಂದೆ ಮುಂದೆ ಸರಿಸುವುದು ವಾಡಿಕೆಯಾಗಿತ್ತು. ಎತ್ತುಗಳ ಜಾಗಕ್ಕೆ ಇಂದು ಪಿಕಪ್ಪು, ಲಾರಿಗಳು ಬಂದಿವೆ. ಹಿಂಭಾರವು ಹಾಗೆಯೇ ಉಳಿದಿದೆ. ಅದನ್ನು ಎತ್ತಿ ನೋಡುವ ಕೈ ಮಾತ್ರ ಇಲ್ಲವಾಗಿದೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಹುಭಾಗ ಪಶ್ಚಿಮ ಘಟ್ಟದ ಮಳೆನೆರಳಿನ ನೆಲ. ಪರಂಬಿಕ್ಕುಳಂ–ಆಳಿಯಾರ್ ಯೋಜನೆಯ ಕಾಲುವೆಗಳಲ್ಲಿ ನೀರು ಸರದಿಯ ಮೇಲೆ ಬರುತ್ತದೆ. ಸರದಿ ಇಲ್ಲದ ದಿನಗಳಲ್ಲಿ ಪಲ್ಲಡಂ, ಉಡುಮಲೈ, ಪೊಳ್ಳಾಚಿಯ ತೋಟಗಳಿಗೆ ಕೊಳವೆಬಾವಿಯೇ ಗತಿ. ಬಾವಿಯ ಆಳದಲ್ಲಿ ಮೋಟಾರು ಸುಟ್ಟಿತೆಂದರೆ ಅದನ್ನು ಮೇಲೆತ್ತುವ ವಾಹನವನ್ನು ಕರೆಯಬೇಕು. ಕಬ್ಬಿಣದ ಕಂಬ, ಕಪ್ಪಿ, ತಂತಿಹಗ್ಗದ ಸುರುಳಿ, ಜನರೇಟರು, ಪೈಪುಗಳು, ಸಲಕರಣೆಯ ಪೆಟ್ಟಿಗೆ, ಅವುಗಳ ಮೇಲೆ ಇಬ್ಬರು ಮೂವರು ಕೆಲಸಗಾರರು: ಇಷ್ಟನ್ನೂ ಹೊತ್ತ ಪಿಕಪ್ಪು ಡಾಂಬರು ರಸ್ತೆಯನ್ನು ಬಿಟ್ಟು, ಬದುಗಳನ್ನು ದಾಟಿ, ತೆಂಗಿನ ಸಾಲಿನ ನಡುವೆ ಇಳಿಯುತ್ತದೆ. ಕನ್ನಡ ಮನೆಮಾತಿನ ಒಕ್ಕಲಿಗರ ತೋಟಕ್ಕೂ, ದೇವಾಂಗರ ಮಗ್ಗದ ಮನೆಗೂ ನೀರು ಮರಳುವುದು ಇಂತಹ ವಾಹನದಿಂದಲೇ.

ಕೆಲವು ತಿಂಗಳ ಓಡಾಟದಲ್ಲಿ ಈ ವಾಹನದ ಹಿಂಭಾಗ ಕುಸಿಯುತ್ತದೆ. ಹಳ್ಳಕ್ಕೆ ಇಳಿದಾಗ ಅಚ್ಚು ಚಾಸಿಗೆ ಬಡಿಯುತ್ತದೆ. ರಾತ್ರಿಯಲ್ಲಿ ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಡೆಯನು ಸ್ಪ್ರಿಂಗ್ ಕೆಲಸದ ಅಂಗಡಿಗೆ ಹೋಗಿ, “ಇನ್ನೆರಡು ಪ್ಲೇಟು ಹಾಕಿ” ಎನ್ನುತ್ತಾನೆ. ಸಂಜೆಗೆ ವಾಹನ ನೆಟ್ಟಗೆ ನಿಲ್ಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಲ್ಲಿ ನೆನಪಾಗಬೇಕು.

ಪ್ಲೇಟುಗಳ ಕಟ್ಟು ಮಾಡುವ ಕೆಲಸ ಸರಳವಾದುದು. ಎಲ್ಲಕ್ಕೂ ಉದ್ದವಾದ ಮೇನ್ ಪ್ಲೇಟಿನ ಕೆಳಗೆ ಕ್ರಮವಾಗಿ ಗಿಡ್ಡವಾದ ಪ್ಲೇಟುಗಳಿರುತ್ತವೆ. ಎಲ್ಲವೂ ಒಟ್ಟಾಗಿ ಬಾಗಿ ಭಾರವನ್ನು ಹಂಚಿಕೊಳ್ಳುತ್ತವೆ. 8 ಪ್ಲೇಟುಗಳ ಕಟ್ಟಿಗೆ ಅದೇ ದಪ್ಪದ ಇನ್ನೊಂದನ್ನು ಸೇರಿಸಿದರೆ ಬಿಗಿತ ಸುಮಾರು ಎಂಟನೆಯ ಒಂದು ಪಾಲು ಹೆಚ್ಚುತ್ತದೆ. ದಪ್ಪದ ಲೆಕ್ಕ ಬೇರೆ. 8 ಮಿ.ಮೀ. ಪ್ಲೇಟಿನ ಜಾಗದಲ್ಲಿ ಅಷ್ಟೇ ಉದ್ದದ 10 ಮಿ.ಮೀ. ಪ್ಲೇಟನ್ನು ಇಟ್ಟರೆ ಆ ಒಂದರ ಬಿಗಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಏಕೆಂದರೆ ಬಿಗಿತವು ದಪ್ಪದ ಘನವನ್ನು ಅನುಸರಿಸುತ್ತದೆ. ಸಿಕ್ಕ ಹಳೆಯ ಪ್ಲೇಟನ್ನು ತಂದು ತುರುಕಿದಾಗ ದಪ್ಪದ ಪ್ಲೇಟೇ ತನ್ನ ಪಾಲಿಗಿಂತ ಹೆಚ್ಚಿನ ಹೊರೆಯನ್ನು ಹೊತ್ತು ಮೊದಲು ಮುರಿಯುವುದು ಇದರಿಂದಲೇ. ಕಟ್ಟು ಅತಿಯಾಗಿ ಬಿಗಿಯಾದ ವಾಹನ ಖಾಲಿಯಿದ್ದಾಗ ಕುಪ್ಪಳಿಸುತ್ತದೆ. ಕುಪ್ಪಳಿಸುವ ಚಕ್ರಕ್ಕೆ ನೆಲದ ಹಿಡಿತವಿಲ್ಲ, ಹಿಡಿತವಿಲ್ಲದ ಚಕ್ರಕ್ಕೆ ಬ್ರೇಕ್ ಹಾಕಿ ಫಲವಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಪ್ಲೇಟು ಸೇರಿದ ಮಾತ್ರಕ್ಕೆ ಅಚ್ಚು, ಬೇರಿಂಗು, ಟೈರು, ಚಾಸಿ, ಬ್ರೇಕುಗಳ ಶಕ್ತಿ ಒಂದು ಕಿಲೋದಷ್ಟೂ ಹೆಚ್ಚುವುದಿಲ್ಲ. ಮೊದಲು ಕುಸಿದ ಹಿಂಭಾಗವೇ ಭಾರ ಹೆಚ್ಚಾಯಿತೆಂದು ಹೇಳುತ್ತಿತ್ತು. ಈಗ ಆ ಬಾಯಿಯನ್ನು ಮುಚ್ಚಿಸಿದಂತಾಯಿತು. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಹಿಂಭಾಗ ಎಷ್ಟು ಇಳಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ತೀರ್ಮಾನಿಸುವ ವಾಲ್ವಿನ ಕಡ್ಡಿ ಅದು. ಪ್ಲೇಟು ಸೇರಿಸಿ ಹಿಂಭಾಗವನ್ನು ಎತ್ತಿ ನಿಲ್ಲಿಸಿದಾಗ ವಾಹನ ಖಾಲಿಯಿದೆಯೆಂದೇ ಆ ವಾಲ್ವು ತಿಳಿಯುತ್ತದೆ; ತುಂಬಿದ ವಾಹನಕ್ಕೆ ಖಾಲಿ ವಾಹನದ ಬ್ರೇಕನ್ನು ಕೊಡುತ್ತದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತಾಗದೆ ಹೋಗಬಹುದು. ವಾಲ್ಪಾರೈಯಿಂದ ಆಳಿಯಾರಿಗೆ ಇಳಿಯುವ 40 ಕಡಿದಾದ ತಿರುವುಗಳಲ್ಲಿ ಗೊತ್ತಾಗದೆ ಇರದು.

ಹಿಂಭಾರದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಮುಂದಿನ ಹಿಂದಿನ ಅಚ್ಚುಗಳ ನಡುವೆ 3 ಮೀಟರು ಅಂತರವಿರುವ ವಾಹನದಲ್ಲಿ, ಹಿಂದಿನ ಅಚ್ಚಿನಿಂದ 1 ಮೀಟರು ಆಚೆಗೆ 300 ಕಿಲೋ ತೂಕದ ಕಂಬ ಮತ್ತು ಕಪ್ಪಿಯನ್ನು ನಿಲ್ಲಿಸಿದರೆಂದುಕೊಳ್ಳೋಣ. ಹಿಂದಿನ ಅಚ್ಚಿನ ಮೇಲೆ ಬೀಳುವುದು 300 ಅಲ್ಲ, 400 ಕಿಲೋ. ಹೆಚ್ಚಾದ 100 ಕಿಲೋ ಮುಂದಿನ ಅಚ್ಚಿನಿಂದ ಕಳಚಿದ ಭಾರ. ಸ್ಟೇರಿಂಗು ಹಗುರವಾಗುತ್ತದೆ, ಮುಂದಿನ ಚಕ್ರಗಳು ತಿರುವಿನಲ್ಲಿ ಜಾರುತ್ತವೆ. ಮೂಕಿ ಮೇಲೆದ್ದ ಬಂಡಿಯ ಕಥೆಯೇ ಇದು. ಇದಕ್ಕೆ ಪ್ಲೇಟು ಮದ್ದಲ್ಲ. ಜನರೇಟರನ್ನೂ ಪೆಟ್ಟಿಗೆಯನ್ನೂ ಕ್ಯಾಬಿನ್ನಿನ ಬೆನ್ನಿಗೆ ಸರಿಸುವುದೇ ಮದ್ದು; ಅದಕ್ಕೆ ಕಾಸು ಖರ್ಚಿಲ್ಲ.

ಕಾನೂನಿನ ಕಣ್ಣಿಗೂ ಪ್ಲೇಟುಗಳ ಎಣಿಕೆ ಕಾಣುವುದಿಲ್ಲ, ತೂಕ ಮಾತ್ರ ಕಾಣುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಆದರೆ ಒಂದೊಂದು ವಾಹನಕ್ಕೂ ಅದರ ಆರ್.ಸಿ.ಯಲ್ಲಿ ಬರೆದ ಅಂಕೆಯೇ ಮಿತಿ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಮಿತಿ ಮೀರಿದರೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಟನ್ನು ಅದೇ ಕಾಯಿದೆಯ 52ನೆಯ ಕಲಂ ತಡೆಯುತ್ತದೆ. ಆದುದರಿಂದ ಕಂಬವನ್ನು ಚಾಸಿಗೆ ಕಾಯಮಾಗಿ ಕೂರಿಸುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹಾಗೆಂದು ಸ್ಪ್ರಿಂಗನ್ನು ಬಲಪಡಿಸುವುದೇ ತಪ್ಪೆಂದಲ್ಲ. ಮಿತಿಯೊಳಗಿನ ಭಾರವನ್ನೇ ಸದಾ ಹೊತ್ತು, ಕಚ್ಚಾ ದಾರಿಯಲ್ಲೇ ತಿರುಗುವ ವಾಹನಕ್ಕೆ ಅದು ನ್ಯಾಯವಾದ ಕೆಲಸ. ಆಗ ತಯಾರಕರು ಅದೇ ಮಾದರಿಗೆ ಒಪ್ಪಿದ ಕಟ್ಟನ್ನೇ, ಎರಡೂ ಬದಿಗೆ ಒಟ್ಟಿಗೇ ಹಾಕಿಸಬೇಕು. ಹೆಲ್ಪರ್ ಸ್ಪ್ರಿಂಗ್ ಆದರೆ ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಖಾಲಿ ವಾಹನವನ್ನು ಕುಣಿಸುವುದಿಲ್ಲ. ಯು-ಬೋಲ್ಟುಗಳು ಹೊಸವಾಗಿರಬೇಕು, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಅವನ್ನು ಮತ್ತೊಮ್ಮೆ ಬಿಗಿಸಬೇಕು. ಮುರಿದ ಪ್ಲೇಟಿಗೆ ಬೆಸುಗೆ ಹಾಕಿಸಲೇಬಾರದು, ಬೆಂಕಿ ತಾಗಿದ ಕಡೆ ಉಕ್ಕಿನ ಹದ ಕೆಡುತ್ತದೆ. ಕೆಲಸ ಮುಗಿದ ದಿನವೇ ಬ್ರೇಕ್ ವಾಲ್ವಿನ ಕಡ್ಡಿಯನ್ನೂ ದೀಪದ ನೋಟವನ್ನೂ ಸರಿಪಡಿಸಿಕೊಳ್ಳಬೇಕು.

ಇದೆಲ್ಲಕ್ಕೂ ಮೊದಲು ವೇಬ್ರಿಡ್ಜಿಗೆ ಹೋಗಬೇಕು. ಕೆಲಸಕ್ಕೆ ಹೊರಡುವ ದಿನದಂತೆಯೇ ಸಲಕರಣೆಗಳನ್ನು ತುಂಬಿ, ಜನರನ್ನೂ ಕೂರಿಸಿ, ಮೊದಲು ಇಡೀ ವಾಹನವನ್ನು, ಆಮೇಲೆ ಹಿಂದಿನ ಚಕ್ರಗಳನ್ನಷ್ಟೇ ತೂಗಿಸಬೇಕು. ಆ ಎರಡು ಚೀಟಿಗಳನ್ನು ಆರ್.ಸಿ.ಯ ಪಕ್ಕದಲ್ಲಿಟ್ಟು ನೋಡಿದರೆ ಬೇಕಾದುದು ಹೊಸ ಪ್ಲೇಟೋ, ಸಾಮಾನು ಸರಿಸುವ ಕೆಲಸವೋ, ದೊಡ್ಡ ವಾಹನವೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಪೈಪುಗಳ ಮೇಲೆ ಕುಳಿತು ಬರುವ ಹುಡುಗರಿಗೆ ಅವರ ಕೆಳಗಿನ ತೂಕ ಎಷ್ಟೆಂದು ಗೊತ್ತಿರುವುದಿಲ್ಲ. ಅದು ಒಡೆಯನಿಗಾದರೂ ಗೊತ್ತಿರಬೇಕು.