ಬಂದೂಕು ಕೆಳಗಿಟ್ಟ ಮೇಲಿನ ಬದುಕು

ಗಢವಾಲವೆಂದೊಡನೆ ಮಲೆನಾಡಿನವರಾದ ನಮಗೆ ನೆನಪಾಗುವುದು ಚಿಪ್ಕೊ. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಅವರ ಮುಂದಿದ್ದ ಮಾದರಿ ಆ ಬೆಟ್ಟಗಳದೇ. ಅದೇ ನೆಲದ ಸೈನಿಕನೊಬ್ಬನನ್ನು ಮಾತ್ರ ನಾವು ಅಷ್ಟಾಗಿ ಅರಿಯೆವು. ಹವಾಲ್ದಾರ್ ಚಂದ್ರಸಿಂಹ ಗಢವಾಲಿಯವರು ತೀರಿಕೊಂಡದ್ದು 1979ರ ಅಕ್ಟೋಬರ್ 1ರಂದು. ಅವರನ್ನು ಸ್ಮರಿಸುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ.

1930ರ ಏಪ್ರಿಲ್ 23. ಪೇಶಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ಗಫಾರ್ ಖಾನರ ಬಂಧನವನ್ನು ಪ್ರತಿಭಟಿಸಿ ನಿರಾಯುಧ ಪಠಾಣರು ಸೇರಿದ್ದರು. ಹಿಂದೂ ಸೈನಿಕರು ಮುಸ್ಲಿಮರ ಮೇಲೆ ಗುಂಡು ಹಾರಿಸಲು ಹಿಂಜರಿಯಲಾರರೆಂಬುದು ಬ್ರಿಟಿಷರ ಲೆಕ್ಕಾಚಾರ. ಚಂದ್ರಸಿಂಹರೂ ಅವರ ಸಂಗಡಿಗರೂ ಆ ಲೆಕ್ಕವನ್ನು ತಪ್ಪಿಸಿದರು, ಬಂದೂಕು ಇಳಿಸಿದರು. ವಕೀಲ ಮುಕುಂದಿಲಾಲರ ವಾದದಿಂದ ಮರಣದಂಡನೆ ತಪ್ಪಿತು. ಹನ್ನೊಂದು ವರ್ಷ ಸೆರೆಮನೆಯೇ ಮನೆಯಾಯಿತು. 1941ರಲ್ಲಿ ಬಿಡುಗಡೆಯಾದರೂ ಗಢವಾಲಕ್ಕೆ ಕಾಲಿಡುವಂತಿರಲಿಲ್ಲ. ಊರು ಕಂಡದ್ದು 1946ರಲ್ಲಿ.

ಬಹುತೇಕ ಬರಹಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಅವರು ಆನಂತರವೂ ಮೂವತ್ತಮೂರು ವರ್ಷ ಬದುಕಿದ್ದರು! 1948ರ ಜನವರಿಯಲ್ಲಿ ಟೆಹರಿ ಸಂಸ್ಥಾನದ ವಿರುದ್ಧದ ಹೋರಾಟದಲ್ಲಿ ನಾಗೇಂದ್ರ ಸಕ್ಲಾನಿ, ಮೋಲು ಭರದಾರಿ ಗುಂಡಿಗೆ ಬಲಿಯಾದಾಗ, ಅವರ ದೇಹಗಳನ್ನು ಹೊತ್ತು ಟೆಹರಿಗೆ ನಡೆದ ಜನರ ಮುಂದಾಳುಗಳಲ್ಲಿ ಈ ಹವಾಲ್ದಾರರೂ ಒಬ್ಬರು. (ಆ ಟೆಹರಿ ಪಟ್ಟಣವೇ ಇಂದು ಅಣೆಕಟ್ಟೆಯ ನೀರಿನಡಿ ಇದೆ.) ಬೆಟ್ಟದವರ ಆಡಳಿತ ಬೆಟ್ಟದ ನಡುವೆಯೇ, ದೂಧಾತೋಲಿಯ ಸೀಮೆಯಲ್ಲಿರಬೇಕೆಂದು ಅವರು ಬಯಸಿದ್ದರು. ಉತ್ತರಾಖಂಡ ರಾಜ್ಯವಾದದ್ದು 2000ದಲ್ಲಿ. ಆ ಸೀಮೆಯ ಗೈರ್‌ಸೈಣ್ ಬೇಸಿಗೆ ರಾಜಧಾನಿಯೆಂದು ಘೋಷಿತವಾಗಲು 2020ರವರೆಗೆ ಕಾಯಬೇಕಾಯಿತು.

ಹೆಸರಿಗೇನೂ ಕೊರತೆಯಿಲ್ಲ. 1994ರಲ್ಲಿ ಅಂಚೆಚೀಟಿ ಬಂತು. ಭರ್ಸಾರಿನ ತೋಟಗಾರಿಕೆ ಮತ್ತು ಅರಣ್ಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ, ಇದು ಸರಿಯೇ. ಪ್ರವಾಸಿ ವಾಹನ ಕೊಳ್ಳಲು, ಹೋಟೆಲು ಕಟ್ಟಲು ನೆರವು ನೀಡುವ ಸರ್ಕಾರಿ ಯೋಜನೆಗೂ ಅವರದೇ ಹೆಸರು. ದುಡಿಯುವ ಯುವಕರಿಗೆ ನೆರವು ಸಿಗಬಾರದೆಂದು ನಾನು ಹೇಳುತ್ತಿಲ್ಲ. ಆದರೆ 2023ರಲ್ಲಿ ಜೋಶಿಮಠದ ಮನೆಗಳ ಗೋಡೆ ಬಿರಿದದ್ದನ್ನು ಕಂಡ ಮೇಲೆ, ಆ ಬೆಟ್ಟಗಳ ಮೇಲೆ ಇನ್ನಷ್ಟು ಹೋಟೆಲು ಹೊರಿಸುವುದಕ್ಕೆ ಈ ಹೆಸರೇ ಬೇಕಿತ್ತೇ ಎನಿಸುತ್ತದೆ.

ನಿಜವಾದ ಸ್ಮಾರಕ ಅವರು ಬಯಸಿದ ದೂಧಾತೋಲಿಯಲ್ಲೇ ಇದೆ. ಅವರು ಕಣ್ಮರೆಯಾದ ಕಾಲಕ್ಕೆ, ಚಿಪ್ಕೊದಲ್ಲಿ ಪಳಗಿದ ಸಚ್ಚಿದಾನಂದ ಭಾರತಿ ಎಂಬ ಶಿಕ್ಷಕರು ಉಫ್ರೈಂಖಾಲ್ ಸುತ್ತಮುತ್ತ ಹಳ್ಳಿಯ ಹೆಂಗಸರೊಡನೆ ಕಾಡು ಬೆಳೆಸತೊಡಗಿದರು. ಇಳಿಜಾರಿನಲ್ಲಿ ಸಾವಿರಾರು ಸಣ್ಣ ನೀರುಗುಂಡಿಗಳನ್ನು ತೋಡಿದರು. ಒಣಗಿದ್ದ ಹಳ್ಳವೊಂದು ಮತ್ತೆ ಹರಿಯಿತು. ಜನ ಅದನ್ನು ಗಾಡ್‌ಗಂಗಾ ಎಂದು ಕರೆದರು.

ನಮ್ಮ ಕೊಡಗು, ಮಲೆನಾಡುಗಳಲ್ಲೂ ನಿವೃತ್ತ ಸೈನಿಕರಿದ್ದಾರೆ. ವರ್ಷಕ್ಕೊಮ್ಮೆ ಧ್ವಜಾರೋಹಣಕ್ಕೆ ಕರೆದು ಶಾಲು ಹೊದಿಸಿ ಕಳುಹಿಸುತ್ತೇವೆ. 1982ರಲ್ಲಿ ಡೆಹ್ರಾಡೂನಿನಲ್ಲಿ ಮಾಜಿ ಸೈನಿಕರಿಂದಲೇ ಪ್ರಾದೇಶಿಕ ಸೇನೆಯ ಪರಿಸರ ದಳವೊಂದು ರೂಪುಗೊಂಡು, ಸುಣ್ಣಕಲ್ಲಿನ ಗಣಿಯಿಂದ ಬೋಳಾದ ಮಸೂರಿ ಬೆಟ್ಟಗಳಲ್ಲಿ ಹಸಿರು ಮೂಡಿಸಿತು. ನಮ್ಮ ಗ್ರಾಮ ಅರಣ್ಯ ಸಮಿತಿಗಳಲ್ಲಿ ಅಂಥವರು ಎಷ್ಟು ಮಂದಿ? ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಹಳೆಯ ಸೈನಿಕರನ್ನು ಒಮ್ಮೆ ಭೇಟಿಯಾಗಲಿ. ಯುದ್ಧದ ಕಥೆ ಕೇಳಿ ಮುಗಿದ ಬಳಿಕ, ಊರಿಗೆ ಮರಳಿದ ಮೇಲೆ ಏನು ಮಾಡಿದಿರೆಂದು ಕೇಳಿ ಬರೆದುಕೊಂಡು ಬರಲಿ.