ನಿಮ್ಮ ಬಾಲ್ಯ ನಿಮಗಿರಲಿ, ಸಂಗೀತದ ಬಗ್ಗೆ ಮಾತಾಡಿ ಸ್ವಾಮಿ

ಬಹಳ ದಿನಗಳಾದವು ಈ ಕಡೆ ತಲೆ ಹಾಕಿ. ಆಫೀಸಿನಲ್ಲಿ ರಿಲೀಸು, ರೂಮಿಗೆ ಬಂದರೆ ನಿದ್ದೆ, ಇದರ ಮಧ್ಯೆ ಬ್ಲಾಗು ಬರೆಯೋದು ಯಾವಾಗ? ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಸಿಟ್ಟು. ಸಿಟ್ಟು ಬಂದಾಗ ಮಾತ್ರ ನನ್ನ ಕನ್ನಡ ಸರಾಗವಾಗಿ ಬರುತ್ತೆ ಅಂತ ಗೆಳೆಯರು ಹೇಳ್ತಾರೆ. ನೋಡೋಣ.

ಮೊನ್ನೆ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತಲ್ಲೇ ನಿಂತಿತ್ತು. ಅಮೆರಿಕದವರ ಒಂದು ಪಾಡ್‌ಕಾಸ್ಟ್ ಹಾಕಿಕೊಂಡೆ. ಹಳೇ ರೋಲ್ ಪ್ಲೇಯಿಂಗ್ ಗೇಮುಗಳು, ಅವುಗಳ ಸಂಗೀತ, ಇದರ ಮೇಲೆ ಎರಡು ಗಂಟೆಯ ಚರ್ಚೆ. (ಗೊತ್ತಿಲ್ಲದವರಿಗೆ: ಇವು ನಾಲ್ಕೈದು ಜನರ ತಂಡ ಕಟ್ಟಿಕೊಂಡು ಊರೂರು ಸುತ್ತಿ, ರಾಕ್ಷಸರ ಜೊತೆ ಹೊಡೆದಾಡಿ, ಮೂವತ್ತು ನಲವತ್ತು ಗಂಟೆ ಒಂದು ಕಥೆಯೊಳಗೆ ಇರುವಂಥ ಆಟಗಳು. ಜಪಾನಿನವರು ಇದರಲ್ಲಿ ಎತ್ತಿದ ಕೈ.) ಎರಡು ಗಂಟೆಯಲ್ಲಿ ಸಂಗೀತ ಅಂತ ಕೇಳಿಸಿದ್ದು ಎಂಟೋ ಹತ್ತೋ ತುಣುಕು. ಅದರ ಮೇಲೂ ಮಾತು! ಜಾಸ್ತಿ ಹೊತ್ತು ಕೇಳಿಸಿದರೆ ಕಾಪಿರೈಟ್ ತಕರಾರು ಬರುತ್ತೆ ಅನ್ನೋ ಹೆದರಿಕೆ ಇರಬಹುದು, ಒಪ್ಪಿದೆ. ಆದರೆ ಸಂಗೀತದ ಬಗ್ಗೆ ಮಾತಾಡೋಕೆ ಯಾರ ಕಾಪಿರೈಟೂ ಅಡ್ಡ ಬರೋದಿಲ್ಲವಲ್ಲ? ಉಳಿದ ಹೊತ್ತೆಲ್ಲ ಅವರು ಹೇಳಿದ್ದು ಏನು ಅಂದರೆ, ಆರನೇ ಕ್ಲಾಸಿನಲ್ಲಿದ್ದಾಗ ಕ್ರಿಸ್‌ಮಸ್ಸಿಗೆ ಅಪ್ಪ ಕೊಡಿಸಿದ್ದು, ಬೇಸ್‌ಮೆಂಟಿನಲ್ಲಿ ಅಣ್ಣನ ಜೊತೆ ಕೂತು ಆಡಿದ್ದು, ಈ ಹಾಡು ಕೇಳಿದರೆ ಆ ಚಳಿಗಾಲ ನೆನಪಾಗೋದು. ಕೊನೆಗೆ ಒಂದು ಟಾಪ್ ಟೆನ್ ಪಟ್ಟಿ. ಮುಗೀತು.

ಇದು ಒಂದೇ ಪಾಡ್‌ಕಾಸ್ಟಿನ ಕಥೆಯಾಗಿದ್ದರೆ ಸುಮ್ಮನಿರ್ತಿದ್ದೆ. ನಾಲ್ಕು ವರ್ಷದಿಂದ ಇಂಥವನ್ನು ಕೇಳ್ತಾ ಇದ್ದೀನಿ ಮಾರಾಯ್ರೆ. ನೂರಕ್ಕೆ ಎಂಬತ್ತು ಇದೇ ಜಾತಿ.

ನಮ್ಮಲ್ಲೂ ಇದೇ ರೋಗ ಇದೆ, ಗೊತ್ತು. ಅಜ್ಜಿಮನೆ, ಹಲಸಿನ ಹಪ್ಪಳ, ಮೊದಲ ಮಳೆ, ದೂರದರ್ಶನದ ಭಾನುವಾರ... ನಾನೂ ಬರೆದು ಕಾಮೆಂಟು ಗಿಟ್ಟಿಸಿಕೊಂಡವನೇ. ಆದರೆ ಹಪ್ಪಳದ ಬಗ್ಗೆ ಬರೆದು ಅದನ್ನು ಅಡುಗೆಯ ವಿಮರ್ಶೆ ಅಂತ ಯಾರೂ ಕರೆಯಲಿಲ್ಲ.

ನನಗೆ ಯಾಕೆ ಇಷ್ಟು ಉರಿಯುತ್ತೆ ಅಂದರೆ, ನನಗೆ ಆ ಬಾಲ್ಯ ಇರಲಿಲ್ಲ. ಕುಂದಾಪುರದಲ್ಲಿ ನಮ್ಮನೆಗೆ ಬಂದಿದ್ದು ಟಿವಿಗೆ ಸಿಕ್ಕಿಸುವ ಚೀನಾ ಮಾಲು. '9999 ಇನ್ 1' ಅಂತ ಬರೆದ ಕ್ಯಾಸೆಟ್ಟು. ಒಳಗಿದ್ದದ್ದು ಮಾರಿಯೋ, ಕಾಂಟ್ರಾ, ಬಾತುಕೋಳಿಗೆ ಗುಂಡು ಹೊಡೆಯೋದು, ಮತ್ತೆ ಅವೇ ಬೇರೆ ಹೆಸರಲ್ಲಿ. ರೋಲ್ ಪ್ಲೇಯಿಂಗ್ ಗೇಮು ಅದರಲ್ಲಿ ಯಾಕಿರುತ್ತೆ? ಅವಕ್ಕೆ ಆಟವನ್ನು ಸೇವ್ ಮಾಡೋಕೆ ಕಾರ್ಟ್ರಿಜ್ಜಿನೊಳಗೆ ಬ್ಯಾಟರಿ ಬೇಕು, ಓದೋಕೆ ಪುಟಗಟ್ಟಲೆ ಮಾತು. ನಾನು ಫೈನಲ್ ಫ್ಯಾಂಟಸಿ 7 ಆಡಿದ್ದು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ಹಾಸ್ಟೆಲ್ಲಿನಲ್ಲಿ, ಯಾರದೋ ಪೆನ್‌ಡ್ರೈವಿನಿಂದ ಬಂದ ಎಮ್ಯುಲೇಟರಿನಲ್ಲಿ. ಕದ್ದ ಮಾಲೇ, ಮುಚ್ಚಿಡೋದಿಲ್ಲ. ಸಂಬಳ ಬಂದ ಮೇಲೆ ದುಡ್ಡು ಕೊಟ್ಟು ತಗೊಂಡೆ.

ಆ ಆಟ ಜಪಾನಿನಲ್ಲಿ ಬಂದಿದ್ದು 1997ರ ಜನವರಿಯಲ್ಲಿ. ಅದರಲ್ಲಿ ಏರಿತ್ ಅಂತ ಒಬ್ಬ ಹುಡುಗಿ. ನಮ್ಮ ತಂಡದವಳೇ, ನಾವೇ ಅವಳಿಗೆ ಆಯುಧ ಕೊಟ್ಟು ಬೆಳೆಸಿರ್ತೀವಿ. ಆಟದ ಮಧ್ಯದಲ್ಲಿ ಅವಳನ್ನು ಕೊಲ್ಲುತ್ತಾರೆ. ತಕ್ಷಣ ಒಂದು ದೊಡ್ಡ ಕಾಳಗ ಶುರುವಾಗುತ್ತೆ. ಅಷ್ಟು ಹೊತ್ತಿಗೆ ಇಪ್ಪತ್ತು ಗಂಟೆ ಆಡಿದವನ ಕಿವಿಗೆ ಅಭ್ಯಾಸ ಆಗಿರುತ್ತೆ: ದೊಡ್ಡ ಶತ್ರು ಬಂದರೆ ಡ್ರಮ್ಮು, ಗಿಟಾರು, ರಭಸ. ಇಲ್ಲಿ ಅದು ಬರೋದೇ ಇಲ್ಲ. ಅವಳು ಸತ್ತಾಗ ಶುರುವಾದ ಮೆಲ್ಲನೆಯ ರಾಗವೇ ಕಾಳಗದ ಉದ್ದಕ್ಕೂ ಮುಂದುವರಿಯುತ್ತೆ. ಬಟನ್ ಒತ್ತಬೇಕು, ಹೊಡೀಬೇಕು, ಗೆಲ್ಲಬೇಕು. ಕಿವಿಯಲ್ಲಿ ಮಾತ್ರ ಸಾವಿನ ಮನೆ. ನಾನು ಒಂದು ನಿಮಿಷ ಕೈ ತೆಗೆದು ಸುಮ್ಮನೆ ಕೂತೆ. ರೂಮ್‌ಮೇಟ್ ಬಂದು ಹ್ಯಾಂಗ್ ಆಗಿದೆಯೇನೋ ಅಂತ ಕೇಳಿದ. ಲ್ಯಾಪ್‌ಟಾಪ್ ಹ್ಯಾಂಗ್ ಆಗಿರಲಿಲ್ಲ.

ಈಗ ಹೇಳಿ, ಇದರಲ್ಲಿ ಬಾಲ್ಯ ಎಲ್ಲಿಂದ ಬಂತು? ನನಗಾಗ ಇಪ್ಪತ್ತು ವರ್ಷ. ಬೇಸ್‌ಮೆಂಟ್ ಇರಲಿಲ್ಲ, ಕ್ರಿಸ್‌ಮಸ್ ಇರಲಿಲ್ಲ, ಮಾರನೇ ದಿನ ಇಂಟರ್ನಲ್ಸ್ ಇತ್ತು. ಅಲ್ಲಿ ಕೆಲಸ ಮಾಡಿದ್ದು ಒಂದು ತೀರ್ಮಾನ: ಸಂಗೀತ ಬದಲಾಗಬೇಕಾದ ಜಾಗದಲ್ಲಿ ಅದನ್ನು ಬದಲಾಯಿಸದೆ ಬಿಟ್ಟದ್ದು. ಇದನ್ನು ಬಿಡಿಸಿ ಹೇಳೋಕೆ ಎರಡು ನಿಮಿಷ ಸಾಕು. ಆ ಪಾಡ್‌ಕಾಸ್ಟಿನಲ್ಲಿ ಇದೇ ದೃಶ್ಯಕ್ಕೆ ಕಾಲು ಗಂಟೆ ಕೊಟ್ಟರು. ಯಾರ್ಯಾರು ಎಷ್ಟೆಷ್ಟು ಅತ್ತರು ಅನ್ನೋದು ಬಿಟ್ಟು ಬೇರೇನೂ ಹೇಳಲಿಲ್ಲ.

ಇವರ 'ನಮ್ಮೆಲ್ಲರ ಬಾಲ್ಯ' ಅನ್ನೋದು ಕೂಡ ಎಷ್ಟು ಸಣ್ಣದು ನೋಡಿ. ಇವರು ಎದೆಗೊತ್ತಿಕೊಳ್ಳುವ ಫೈನಲ್ ಫ್ಯಾಂಟಸಿ 6 (1994) ಮತ್ತು ಕ್ರೋನೋ ಟ್ರಿಗರ್ (1995), ಎರಡೂ ಸೂಪರ್ ನಿಂಟೆಂಡೊ ಕಾಲದಲ್ಲಿ ಯೂರೋಪಿನಲ್ಲಿ ಬಿಡುಗಡೆಯೇ ಆಗಲಿಲ್ಲ. ಮೊದಲನೆಯದು ಅಲ್ಲಿಗೆ ಅಧಿಕೃತವಾಗಿ ಬಂದಿದ್ದು 2002ರಲ್ಲಿ ಪ್ಲೇಸ್ಟೇಷನ್ನಿಗೆ, ಎರಡನೆಯದು 2009ರಲ್ಲಿ ನಿಂಟೆಂಡೊ ಡಿಎಸ್‌ಗೆ. ಅಂದರೆ ಈ 'ಎಲ್ಲರ' ಬಾಲ್ಯ ಜಪಾನಿನದು ಮತ್ತು ಅಮೆರಿಕದ್ದು. ಯೂರೋಪಿನವನೇ ಹೊರಗೆ ನಿಂತಿರುವಾಗ ಕುಂದಾಪುರದವನ ಮಾತೇನು!

ನಾಸ್ಟಾಲ್ಜಿಯಾ ಬಿಟ್ಟರೆ ಇವರ ಹತ್ತಿರ ಇರುವ ಇನ್ನೊಂದು ಮಂತ್ರ 'ಮಿತಿ'. ಚಿಪ್ಪಿನ ಶಕ್ತಿ ಕಡಿಮೆ ಇತ್ತು, ಆದ್ದರಿಂದ ಸೃಜನಶೀಲತೆ ಉಕ್ಕಿತು ಅಂತ. ಇಂಜಿನಿಯರಾಗಿ ನನಗೆ ಇದು ಇನ್ನೂ ಹೆಚ್ಚು ಕಿರಿಕಿರಿ. ಲೆಕ್ಕ ಹಾಕೋಣ ಬನ್ನಿ. ಸೂಪರ್ ನಿಂಟೆಂಡೊದ ಧ್ವನಿ ಭಾಗ ಸೋನಿಯ ಕೆನ್ ಕುತರಾಗಿ ಅವರ ವಿನ್ಯಾಸ. ಎಂಟು ಚಾನೆಲ್ಲು, 64 ಕೆಬಿ ಮೆಮೊರಿ. ವಾದ್ಯಗಳ ಸ್ಯಾಂಪಲ್ಲು, ಸ್ವರಗಳ ಪಟ್ಟಿ, ಅವನ್ನು ನುಡಿಸುವ ಪ್ರೋಗ್ರಾಮು, ಎಲ್ಲವೂ ಅಷ್ಟರೊಳಗೇ. ಹದಿನಾರು ಸ್ಯಾಂಪಲ್ಲನ್ನು ಒಂಬತ್ತು ಬೈಟಿಗೆ ಅಮುಕುತ್ತಾರೆ. ಸೆಕೆಂಡಿಗೆ 32,000 ಸ್ಯಾಂಪಲ್ಲಿನ ಪೂರ್ತಿ ಗುಣಮಟ್ಟ ಬೇಕೆಂದರೆ ಒಂದು ಸೆಕೆಂಡಿಗೆ 18,000 ಬೈಟು. ಇಡೀ 64 ಕೆಬಿಯನ್ನು ಧ್ವನಿಗೇ ಸುರಿದರೂ ಮೂರೂವರೆ ಸೆಕೆಂಡಿನ ಮೇಲೆ ಸ್ವಲ್ಪ. ಅಷ್ಟರಲ್ಲಿ ಪಿಟೀಲು, ಕೊಳಲು, ಡ್ರಮ್ಮು ಎಲ್ಲಾ!

ನನಗೆ ಬಹಳ ಇಷ್ಟವಾದದ್ದು ಎಕೋ. ಧ್ವನಿ ಪ್ರತಿಧ್ವನಿಸಿ ವಿಶಾಲವಾಗಿ ಕೇಳಬೇಕೆಂದರೆ ಆ ಎಕೋಗೂ ಅದೇ 64 ಕೆಬಿಯಿಂದಲೇ ಜಾಗ ಕೊಡಬೇಕು. 16 ಮಿಲಿಸೆಕೆಂಡಿಗೆ 2 ಕೆಬಿ. ಪೂರ್ತಿ 240 ಮಿಲಿಸೆಕೆಂಡು ಬೇಕಾದರೆ 30 ಕೆಬಿ, ಹತ್ತಿರ ಹತ್ತಿರ ಅರ್ಧ ಮನೆ ಅದಕ್ಕೇ ಹೋಯ್ತು. ಹಾಗಾಗಿ ಸಂಗೀತಗಾರ ಪ್ರತಿ ಹಾಡಿಗೂ ಕೂತು ಯೋಚಿಸಬೇಕು: ದೊಡ್ಡ ಗುಹೆ ಬೇಕೋ, ಒಳ್ಳೇ ಡ್ರಮ್ಮು ಬೇಕೋ? ಯಾವ ಹಾಡಿನಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು ಅನ್ನೋದು ಕೇಳಿದರೆ ಕಿವಿಗೇ ಗೊತ್ತಾಗುತ್ತೆ. ಅದನ್ನು ಮಾತಾಡಿ ಅಂತ ನಾನು ಹೇಳ್ತಿರೋದು. 'ಮಿತಿಯಿಂದ ಪ್ರತಿಭೆ' ಅಂದುಬಿಟ್ಟರೆ ಏನೂ ಹೇಳಿದಂತಾಗಲಿಲ್ಲ. ಅದೇ 64 ಕೆಬಿಯಲ್ಲಿ ಎಷ್ಟೋ ಆಟಗಳು ತಗಡು ಬಡಿದ ಹಾಗೆ ಕೇಳಿಸ್ತವೆ. ಅವಕ್ಕೂ ಅದೇ ಮಿತಿ ಇತ್ತಲ್ಲ?

ಆ ಕೆಲಸದಲ್ಲಿ ಪ್ರೋಗ್ರಾಮರುಗಳ ಪಾಲೂ ದೊಡ್ಡದು. ಪ್ಲೇಸ್ಟೇಷನ್ನಿನ ಫೈನಲ್ ಫ್ಯಾಂಟಸಿ 7ರ ಸಂಗೀತದ ಫೈಲು ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ, ಮೊದಲ ನಾಲ್ಕು ಬೈಟು ನಾಲ್ಕು ಅಕ್ಷರ: ಎ, ಕೆ, ಎ, ಒ. ಸೌಂಡ್ ಪ್ರೋಗ್ರಾಮರ್ ಮಿನೋರು ಅಕಾವೊ ಅವರ ಹೆಸರು ಅದು. ಪ್ರತಿ ಹಾಡಿನ ನೆತ್ತಿಯ ಮೇಲೆ ಹೆಸರಿದ್ದರೂ ನಾನು ಕೇಳಿದ ಒಂದು ಎಪಿಸೋಡಿನಲ್ಲೂ ಅವರ ಸುದ್ದಿ ಬಂದಿಲ್ಲ. ನೊಬುವೊ ಉಎಮತ್ಸು ಅವರ ಹೆಸರು ಮಾತ್ರ ನಿಮಿಷಕ್ಕೊಮ್ಮೆ.

ಇನ್ನು ಯಾಸುನೋರಿ ಮಿತ್ಸುದಾ ಅವರ ಕಥೆ. 1992ರಲ್ಲಿ ಸ್ಕ್ವೇರ್ ಕಂಪನಿ ಸೇರಿದವರು. ಆಸೆ ಸಂಗೀತದ್ದು, ಕೊಟ್ಟಿದ್ದು ಸೌಂಡ್ ಎಫೆಕ್ಟಿನ ಕೆಲಸ. ಸಂಗೀತ ಕೊಡದಿದ್ದರೆ ಬಿಟ್ಟು ಹೋಗ್ತೀನಿ ಅಂತ ಹಿರೊನೊಬು ಸಕಾಗುಚಿ ಅವರ ಮುಂದೆ ಪಟ್ಟು ಹಿಡಿದು ಕ್ರೋನೋ ಟ್ರಿಗರ್ ಪಡೆದರು. ಹಾರ್ಡ್ ಡಿಸ್ಕ್ ಕೈಕೊಟ್ಟು ಸುಮಾರು 40 ಟ್ರ್ಯಾಕಿನ ಕೆಲಸ ಹೋಯಿತು. ದುಡಿದು ದುಡಿದು ಹೊಟ್ಟೆಯಲ್ಲಿ ಹುಣ್ಣಾಗಿ ಹಾಸಿಗೆ ಹಿಡಿದರು, ಉಳಿದದ್ದನ್ನು ಮುಗಿಸಿಕೊಡೋಕೆ ಉಎಮತ್ಸು ಬರಬೇಕಾಯಿತು. ಆಟ ಬಿಡುಗಡೆಯಾದಾಗ ಮಿತ್ಸುದಾಗೆ 23 ವರ್ಷ. ಇದನ್ನು ಪಾಡ್‌ಕಾಸ್ಟಿನವರು ಹೇಗೆ ಹೇಳ್ತಾರೆ ಗೊತ್ತಾ? ನಗ್ತಾ ನಗ್ತಾ, ವೀರಗಾಥೆಯ ಹಾಗೆ. ನಮ್ಮ ಟೀಮಿನ ಹುಡುಗನೊಬ್ಬ ರಿಲೀಸಿನ ವಾರ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ವಾಪಸ್ ಬಂದಾಗ ಮೀಟಿಂಗಿನಲ್ಲಿ ಅವನಿಗೆ ಚಪ್ಪಾಳೆ ಹೊಡೆಸಿದರು. ನಾನೂ ಹೊಡೆದೆ, ನಾಚಿಕೆಯಾಗುತ್ತೆ. ಆ ಚಪ್ಪಾಳೆಗೂ ಈ ನಗುವಿಗೂ ವ್ಯತ್ಯಾಸ ನನಗೆ ಕಾಣಿಸ್ತಿಲ್ಲ.

ಕೊನೆಯ ತಕರಾರು ಆರ್ಕೆಸ್ಟ್ರಾದ್ದು. ಇವರ ಪ್ರಕಾರ ಚಿಪ್ಪಿನ ಸಂಗೀತ ಅಂದರೆ ಕರಡು ಪ್ರತಿ, ಅರವತ್ತು ಜನ ವೇದಿಕೆ ಮೇಲೆ ಕೂತು ನುಡಿಸಿದಾಗಲೇ ಅದು ನಿಜವಾದ ಸಂಗೀತ. ಫೈನಲ್ ಫ್ಯಾಂಟಸಿ 6ರಲ್ಲಿ ಒಂದು ಆಪೆರಾ ದೃಶ್ಯ ಇದೆ. ಹಾಡುಗಾರ್ತಿಯ ಜಾಗದಲ್ಲಿ ಸೆಲೆಸ್ ಅನ್ನೋ ಸೇನಾಧಿಪತಿ ವೇಷ ಹಾಕಿ ನಿಲ್ಲಬೇಕು. ಅವಳಿಗೆ ಸಾಲು ಬರೋದಿಲ್ಲ. ಬಾಯಿಪಾಠ ಮಾಡಿ ಸರಿಯಾದ ಸಾಲು ಆರಿಸಬೇಕಾದವರು ಆಟ ಆಡುವ ನಾವು. ಚಿಪ್ಪಿನಿಂದ ಬರುವ 'ದನಿ'ಯಲ್ಲಿ ಶಬ್ದಗಳಿಲ್ಲ. ಸಾಲು ತೆರೆಯ ಮೇಲೆ, ರಾಗ ಚಿಪ್ಪಿನಲ್ಲಿ, ಎರಡನ್ನೂ ಸೇರಿಸಿ ಹಾಡೋದು ನಮ್ಮ ತಲೆಯೊಳಗೆ. 2022ರ ಪಿಕ್ಸೆಲ್ ರೀಮಾಸ್ಟರಿನಲ್ಲಿ ಇದಕ್ಕೆ ಹಲವು ಭಾಷೆಯಲ್ಲಿ ನಿಜವಾದ ಗಾಯಕರ ದನಿ ಹಾಕಿದರು. ಅಂತೂ ಈಗ ಪೂರ್ತಿಯಾಯಿತು ಅಂತ ಪಾಡ್‌ಕಾಸ್ಟುಗಳಲ್ಲಿ ಸಂಭ್ರಮ. ಹೊಸ ಸಂಗೀತದ ಮೇಲ್ವಿಚಾರಣೆ ಸ್ವತಃ ಉಎಮತ್ಸು ಅವರದ್ದೇ, ಅದು ನನ್ನ ವಾದಕ್ಕೆ ಪೆಟ್ಟು ಅಂತಲೂ ಗೊತ್ತು. ಆದರೂ ನನ್ನ ಕಿವಿಗೆ ಅಲ್ಲಿ ಹಾಡ್ತಿರೋದು ತರಬೇತಿ ಪಡೆದ ಗಾಯಕಿ, ಹೆದರಿಕೊಂಡು ನಿಂತ ಸೆಲೆಸ್ ಅಲ್ಲ. 2023ರಲ್ಲಿ ಕನ್ಸೋಲುಗಳಿಗೆ ಬಂದಾಗ ಹಳೇ ಸಂಗೀತವನ್ನೇ ಆರಿಸಿಕೊಳ್ಳುವ ಸ್ವಿಚ್ ಕೊಟ್ಟರು. ನಾನು ಹಳೇದಕ್ಕೇ ಇಟ್ಟುಕೊಂಡಿದ್ದೀನಿ.

ಕಛೇರಿಯಲ್ಲಿ ನುಡಿಸುವ ಹಾಡಿಗೆ ಕೊನೆ ಇರುತ್ತೆ. ಆಟದ ಹಾಡಿಗೆ ಇರೋದಿಲ್ಲ. ನಾನು ಒಂದು ಊರಲ್ಲಿ ಮೂರು ನಿಮಿಷ ಇರಬಹುದು, ಊಟಕ್ಕೆ ಎದ್ದು ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬರಬಹುದು, ಸಂಗೀತ ಕಾಯುತ್ತಿರಬೇಕು. ನಮ್ಮ ಕಡೆ ಮೇಳದಾಟದಲ್ಲಿ ಕುಣಿತ ಮುಗಿಯೋವರೆಗೂ ಭಾಗವತರು ಪದ ಬಿಡದೆ ಹಿಡಿದಿರೋದಿಲ್ಲವೇ, ಹಾಗೆ. ಅದೇ ಫೈನಲ್ ಫ್ಯಾಂಟಸಿ 6ರಲ್ಲಿ ಅರ್ಧ ಆಟ ಮುಗಿದ ಮೇಲೆ ಜಗತ್ತು ಒಡೆದುಹೋಗುತ್ತೆ. ಗಂಟೆಗಟ್ಟಲೆ ಕೇಳಿದ್ದ ಟೆರಾಳ ರಾಗ ಭೂಪಟದಿಂದ ಮಾಯ, ಅದರ ಜಾಗದಲ್ಲಿ ಸುಟ್ಟ ನೆಲದಂಥ ಒಂದು ಸಂಗೀತ. ಅದನ್ನೇ ಕೇಳ್ತಾ ನಡೆದು ನಡೆದು, ಕೊನೆಗೆ ಹೊಸ ಹಡಗು ಸಿಕ್ಕಿ ಆಕಾಶಕ್ಕೆ ಏರಿದಾಗ ಚೆದುರಿಹೋದ ಗೆಳೆಯರನ್ನು ಹುಡುಕುವ ಹಾಡು ಶುರುವಾಗುತ್ತೆ. ಆ ಹಾಡು ಚೆನ್ನಾಗಿರೋದಕ್ಕೆ ಅರ್ಧ ಕಾರಣ ಅದರ ಹಿಂದಿನ ಹಾಡು. ಟಾಪ್ ಟೆನ್ ಪಟ್ಟಿಯಲ್ಲಿ ಅದನ್ನು ಎಲ್ಲಿ ಹಾಕ್ತೀರಿ?

ಬೈಯಬೇಕೆನ್ನಿಸಿದವರಿಗೆ ಕೆಳಗೆ ಕಾಮೆಂಟಿನ ಬಾಗಿಲು ತೆರೆದಿದೆ. ಇಂಥ ಆಟ ಆಡಿರೋ ಕನ್ನಡಿಗರು ಯಾರಾದರೂ ಇದ್ದರೆ ಯಾವ ಹಾಡು, ಎಲ್ಲಿ ಶುರುವಾಗುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಬರೀರಿ. 'ನಾನು ಚಿಕ್ಕವನಿದ್ದಾಗ' ಅಂತ ಶುರುವಾಗುವ ಕಾಮೆಂಟು ಮಾತ್ರ ಪಬ್ಲಿಷ್ ಮಾಡೋದಿಲ್ಲ, ಈಗಲೇ ಹೇಳಿಬಿಟ್ಟಿದ್ದೀನಿ :)