ಬಿಪಿಎಲ್ ಕಾರ್ಡ್ ಹೋದರೆ ಹೋಗೋದು ಅಕ್ಕಿ ಮಾತ್ರ ಅಲ್ಲ, ಆಸ್ಪತ್ರೆ ಬಿಲ್ಲೂ ಏರುತ್ತೆ!

‘ಆಯುಷ್ಮಾನ್ ಕಾರ್ಡ್ ಇದೆಯಲ್ಲ, 5 ಲಕ್ಷದವರೆಗೆ ಫ್ರೀ’. ಅಂಗಡಿ ಕಟ್ಟೆ ಮೇಲೆ ಕೂತರೆ ಈ ಮಾತು ಕೇಳೇ ಕೇಳುತ್ತೆ. ಇದು ಅರ್ಧ ನಿಜ. ಉಳಿದರ್ಧ ಗೊತ್ತಾಗೋದು ಆಸ್ಪತ್ರೆ ಕೌಂಟರ್ ಮುಂದೆ ನಿಂತಾಗ.

ಮೊದಲು, ಇದನ್ನ ನಡೆಸೋರು ಯಾರು? ದಿಲ್ಲಿಯ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ದೇಶಕ್ಕೆಲ್ಲ ನಿಯಮ ಮಾಡುತ್ತೆ, ಚಿಕಿತ್ಸೆಗಳ ಪ್ಯಾಕೇಜ್ ಪಟ್ಟಿ ತಯಾರಿಸುತ್ತೆ. ಆದರೆ ಆಸ್ಪತ್ರೆಗಳನ್ನು ನೋಂದಾಯಿಸಿಕೊಳ್ಳೋದು, ಚಿಕಿತ್ಸೆಗೆ ಮುಂಚೆ ಒಪ್ಪಿಗೆ ಕೊಡೋದು, ಬಿಲ್ ಪಾವತಿಸೋದು ನಮ್ಮ ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 2018ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಒಂದೇ ಯೋಜನೆಯಾದವು. ಹಾಗಾಗಿ ಹೆಸರು ಎರಡು, ಕಾರ್ಡ್ ಒಂದೇ.

ಈಗ ಲೆಕ್ಕಕ್ಕೆ ಬರೋಣ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಟ್ಟು 1.5 ಲಕ್ಷ ಮೀರುವಂತಿಲ್ಲ. ಅಂದರೆ 1 ಲಕ್ಷದ ಪ್ಯಾಕೇಜ್ ಆದರೆ ಸರ್ಕಾರದ್ದು 30 ಸಾವಿರ, ನಿಮ್ಮ ಕೈಯಿಂದ 70 ಸಾವಿರ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗಲಾಟೆ ಎದ್ದಾಗ ಎಲ್ಲರೂ ಅಕ್ಕಿ ಬಗ್ಗೆಯೇ ಮಾತಾಡಿದರು. ಆಸ್ಪತ್ರೆ ಲೆಕ್ಕ ಎತ್ತಿದವರು ಕಮ್ಮಿ. ಬ್ಯಾಂಕ್ ಸಾಲಕ್ಕೆಂದು ಐಟಿ ರಿಟರ್ನ್ ಹಾಕುವ ಸಣ್ಣ ಅಂಗಡಿಯವರಿಗೆ ಈ ಭಯ ಇದ್ದೇ ಇದೆ. ಅಕ್ಕಿಯನ್ನ ಹೇಗೋ ಕೊಂಡು ತರಬಹುದು. ಹಾರ್ಟ್ ಆಪರೇಷನ್‌ಗೆ ಅಂಗಡಿ ಸಾಮಾನು ಮಾರಿದರೂ ಸಾಲಲ್ಲ. ರೇಷನ್ ಕೊಡೋಕೆ ಇಟ್ಟ ಅಳತೆಗೋಲಲ್ಲೇ ಕಾಯಿಲೆಯನ್ನೂ ಅಳೆಯೋದು ಸರಿನಾ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ರಾಜ್ಯ ಸರ್ಕಾರ. ತಾಲೂಕು ಆಸ್ಪತ್ರೆ ಡಾಕ್ಟರ್ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ತುರ್ತು ಇಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ನೇರ ಹೋದರೆ ಯೋಜನೆ ಸಿಗಲ್ಲ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಇದ್ದರೆ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಅಡ್ಮಿಟ್ ಆಗದೆ ಬರೀ ತೋರಿಸಿಕೊಂಡು ಬರೋ ಖರ್ಚು ಯೋಜನೆಯಲ್ಲಿಲ್ಲ.

ಕಾಯಿಲೆ ಬಂದಮೇಲೆ ಓಡಾಡೋ ಬದಲು ಇವತ್ತೇ ನಿಮ್ಮ ರೇಷನ್ ಕಾರ್ಡ್ ಯಾವ ಪಟ್ಟಿಯಲ್ಲಿದೆ ಅಂತ ನೋಡಿಕೊಳ್ಳಿ. ಅನುಮಾನ ಇದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.